ಸ್ವ-ಭಾವಚಿತ್ರವೋ, ಸ್ವಭಾವದ ಚಿತ್ರವೋ?

ನಮ್ಮ ಶಾಲೆಯ ಚಿತ್ರಕಲಾ ಕೊಠಡಿಯ ಗೋಡೆಯಲ್ಲಿ ಒಬ್ಬ ಮುದುಕನಿದ್ದಾನೆ. ರಟ್ಟಿಗೆ ಅಂಟಿಸಿದ ಮುದ್ರಿತ ಪ್ರತಿ; ದಾವಣಗೆರೆಯ ಬೇಸಿಗೆಗೆ ಅದರ ಅಂಚುಗಳು ಸುರುಳಿಕೊಂಡಿವೆ. ತಲೆಗೆ ಟೋಪಿ, ಮೈಗೆ ಕೆಂಗಂದು ನಿಲುವಂಗಿ, ದಪ್ಪ ಮೂಗು, ಜೋತ ಕೆನ್ನೆ, ಕೆಳಗೆ ಒಂದರೊಳಗೊಂದು ಸೇರಿಕೊಂಡ ಎರಡು ಕೈಗಳು. ಡಚ್ ಚಿತ್ರಕಾರ ರೆಂಬ್ರಾಂಟ್ 1669ರಲ್ಲಿ, ತನ್ನ 63ನೇ ವಯಸ್ಸಿನಲ್ಲಿ, ತನ್ನನ್ನೇ ನೋಡಿಕೊಂಡು ಬರೆದ ಚಿತ್ರ ಇದು. ಮೂಲಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದೇ ವರ್ಷದ ಅಕ್ಟೋಬರ್ 4ರಂದು ಆತ ತೀರಿಕೊಂಡ.

ಕಳೆದ ವರ್ಷ ಒಂಬತ್ತನೇ ತರಗತಿಯ ಎರಡು ವಿಭಾಗಗಳಿಗೆ ಈ ಚಿತ್ರವನ್ನು ಎರಡು ರೀತಿಯಲ್ಲಿ ಪರಿಚಯಿಸಿದೆ. 'ಎ' ವಿಭಾಗಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೆಂಡತಿ ಸಾಸ್ಕಿಯಾ 1642ರಲ್ಲಿ ಹೋದಳು. 1656ರಲ್ಲಿ ಸಾಲ ತೀರಿಸಲಾಗದೆ ದಿವಾಳಿಯಾದ. ಮನೆಯ ಸಾಮಾನುಗಳನ್ನು ಅಧಿಕಾರಿಗಳು ಒಂದೊಂದಾಗಿ ಪಟ್ಟಿ ಮಾಡಿದರು. ಆಮೇಲೆ ಜೊತೆಗೆ ಬಾಳಿದ ಹೆಂಡ್ರಿಕ್ಯೆ 1663ರಲ್ಲಿ ತೀರಿಕೊಂಡಳು. ಬೆಳೆದು ಮದುವೆಯಾಗಿದ್ದ ಮಗ ಟೈಟಸ್ 1668ರಲ್ಲಿ ಕಣ್ಮುಚ್ಚಿದ. ಮರುವರ್ಷ ಈ ಚಿತ್ರ. 'ಬಿ' ವಿಭಾಗದ ಮಕ್ಕಳಿಗೆ ಹೆಸರನ್ನೂ ಹೇಳಲಿಲ್ಲ. "ಈ ಅಜ್ಜ ನಮ್ಮ ಎಪಿಎಂಸಿಯ ಮೆಕ್ಕೆಜೋಳದ ವ್ಯಾಪಾರಿ ಎಂದುಕೊಳ್ಳಿ. ಸುಗ್ಗಿಯ ಲೆಕ್ಕ ಮುಗಿಸಿ ಈಗಷ್ಟೇ ಕುಳಿತಿದ್ದಾನೆ" ಎಂದೆ.

'ಎ' ವಿಭಾಗದ ಮಕ್ಕಳು ಆ ಕಣ್ಣುಗಳಲ್ಲಿ ದುಃಖವನ್ನು ಕಂಡರು. ಕಣ್ಣಂಚಿನಲ್ಲಿ ನೀರು ನಿಂತಿದೆ ಎಂದು ಒಬ್ಬ ಹುಡುಗ ವಾದಿಸಿದ. 'ಬಿ' ವಿಭಾಗದಲ್ಲಿ ಅವೇ ಕಣ್ಣುಗಳು ಪಳಗಿದ ವ್ಯಾಪಾರಿಯ ಕಣ್ಣುಗಳಾದವು. "ಈ ಅಜ್ಜ ದರ ಇಳಿಸುವುದಿಲ್ಲ ಸರ್" ಎಂದಳು ಮುಂದಿನ ಬೆಂಚಿನ ಹುಡುಗಿ. ಮರುದಿನ ಅವರಿಗೂ ನಿಜ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಹುಡುಗಿ, "ಈಗ ನೋಡಿದರೆ ದುಃಖ ಕಾಣುತ್ತದೆ ಸರ್" ಎಂದಳು.

ರಾತ್ರೋರಾತ್ರಿ ಚಿತ್ರವೇನೂ ಬದಲಾಗಿರಲಿಲ್ಲ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆಗೆ, ಇನ್ನೊಮ್ಮೆ ಶವಪೆಟ್ಟಿಗೆಯ ಜೊತೆಗೆ ಜೋಡಿಸಿ ತೋರಿಸಿದ್ದ. ನೋಡಿದವರಿಗೆ ಒಮ್ಮೆ ಹಸಿವು, ಇನ್ನೊಮ್ಮೆ ಶೋಕ ಕಂಡಿತು. ನನ್ನ ತರಗತಿಯಲ್ಲಿ ಆದದ್ದೂ ಅದೇ. 'ಮುಖ ನೋಡಿ ಮಣೆ ಹಾಕು' ಎನ್ನುವ ಗಾದೆ ನಮ್ಮದು. ನಾವು ಮಾಡುವುದು ಅದರ ತಿರುವುಮುರುವು. ಮೊದಲು ಮಣೆ ಹಾಕಿಟ್ಟು, ಅದಕ್ಕೆ ಹೊಂದುವ ಮುಖವನ್ನು ಕೂರಿಸುತ್ತೇವೆ.

ಚಿತ್ರದುರ್ಗದ ಕಡೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ತಿಳಿಸಬಹುದು. ಒನಕೆ ಓಬವ್ವನ ಮುಖವನ್ನು ನಾವೆಲ್ಲ ಬಲ್ಲೆವು: ಸೆಟೆದ ಹುಬ್ಬು, ಕಿಡಿ ಕಾರುವ ಕಣ್ಣು. ಆದರೆ ಆಕೆಯನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರ ಯಾವುದೂ ಇಲ್ಲ. ಹೈದರಾಲಿಯ ಮುತ್ತಿಗೆಯ ಕಥೆ ಮೊದಲು ಬಂತು, ಮುಖ ಆಮೇಲೆ ಬಂತು. ಅಲ್ಲಿ ಅದು ಸರಿಯೇ; ಆ ಚಿತ್ರಗಳು ಇರುವುದೇ ಕಥೆಯನ್ನು ಹೇಳುವುದಕ್ಕೆ. ತೊಡಕು ಶುರುವಾಗುವುದು ಮುಖವೇ ಮೊದಲು ಇರುವ ಚಿತ್ರಕ್ಕೂ ನಾವು ಅದೇ ಅಭ್ಯಾಸವನ್ನು ಕೊಂಡೊಯ್ದಾಗ.

ಇದರಲ್ಲಿ ನಮ್ಮ ಭಾಷೆಯ ಪಾಲೂ ಇದೆ. ಮುಖದ ಚಿತ್ರವನ್ನು ಕನ್ನಡದಲ್ಲಿ 'ಭಾವಚಿತ್ರ' ಎನ್ನುತ್ತೇವೆ. ಎಷ್ಟು ಚೆಂದದ ಪದ! ರೇಷನ್ ಕಾರ್ಡಿಗೆ ಅಂಟಿಸುವ ಪಾಸ್‌ಪೋರ್ಟ್ ಅಳತೆಯ ಫೋಟೊ ಕೂಡ ನಮಗೆ ಭಾವಚಿತ್ರವೇ. ತನ್ನದೇ ಮುಖ ಬರೆದುಕೊಂಡರೆ ಅದು 'ಸ್ವ-ಭಾವಚಿತ್ರ'. ನಡುವಿನ ಆ ಸಣ್ಣ ಗೆರೆ ಬಿಟ್ಟುಹೋದರೆ ಸ್ವಭಾವದ ಚಿತ್ರವಾಗಿಬಿಡುತ್ತದೆ. ಓದುವ ಮೊದಲೇ ಪದ ನಮಗೆ ಭರವಸೆ ಕೊಟ್ಟಿರುತ್ತದೆ, ಇಲ್ಲಿ ಭಾವವಿದೆ, ಸ್ವಭಾವವಿದೆ ಎಂದು. ರೆಂಬ್ರಾಂಟನ ಕಾಲದವರಿಗೆ ಅಂಥ ಪದವೇ ಇರಲಿಲ್ಲ. ಆ ಕಾಲದ ಪಟ್ಟಿಗಳಲ್ಲಿ 'ರೆಂಬ್ರಾಂಟನ ಮುಖ, ಅವನೇ ಬರೆದದ್ದು' ಎಂಬಂಥ ಮಾತು ಸಿಗುತ್ತದೆ. ಕೊಳ್ಳುವವನಿಗೆ ಒಂದೇ ಹಲಗೆಯಲ್ಲಿ ಎರಡು ಲಾಭ: ಹೆಸರಾಂತ ಚಿತ್ರಕಾರನ ಮುಖ, ಜೊತೆಗೆ ಆತನ ಕೈಚಳಕದ ಮಾದರಿ. ಚಿತ್ರಕಾರ ಕನ್ನಡಿಯ ಮುಂದೆ ಕುಳಿತು ತನ್ನ ಅಂತರಂಗವನ್ನು ತೋಡಿಕೊಳ್ಳುತ್ತಾನೆ ಎಂಬ ಕಲ್ಪನೆ ಬಲಗೊಂಡದ್ದು ಬಹಳ ತಡವಾಗಿ, 19ನೇ ಶತಮಾನದಲ್ಲಿ.

ಹಾಗಾದರೆ ಈ ಮುಖಗಳಲ್ಲಿ ಕಾಣುವ ಭಾವವೆಲ್ಲ ಬರಿ ನಮ್ಮ ಭ್ರಮೆಯೇ? ನಾನು ಹಾಗೆ ಹೇಳಲಾರೆ. ಇಪ್ಪತ್ತು ವರ್ಷ ನೋಡಿದ ಮೇಲೂ ಆ ಮುದುಕ ನನ್ನನ್ನು ಹಿಡಿದು ನಿಲ್ಲಿಸುತ್ತಾನೆ. ಆದರೆ ಭಾವವನ್ನು ತಲುಪುವ ದಾರಿ ಮುಖದಿಂದ ನೇರವಾಗಿ ಮನಸ್ಸಿಗೆ ಹೋಗುವುದಿಲ್ಲ. ನಡುವೆ ಕನ್ನಡಿ ಇದೆ, ಬೆಳಕು ಇದೆ, ಬಣ್ಣ ಇದೆ, ಮುನ್ನೂರೈವತ್ತು ವರ್ಷಗಳ ಕೊಳೆ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಚಿತ್ರಕಾರನ ತೀರ್ಮಾನಗಳಿವೆ. ಅವನ್ನೆಲ್ಲ ದಾಟಿಯೇ ಹೋಗಬೇಕು.

ಕನ್ನಡಿಯಿಂದ ಆರಂಭಿಸೋಣ. ಒಮ್ಮೆ ಮಕ್ಕಳಿಗೆ ಮನೆಯಿಂದ ಕೈಗನ್ನಡಿ ತರಲು ಹೇಳಿ, ನಲವತ್ತು ನಿಮಿಷದ ಒಂದು ಪಿರಿಯಡ್ ಪೂರ್ತಿ ತಮ್ಮ ಮುಖವನ್ನೇ ಬರೆಯಲು ಬಿಟ್ಟೆ. ಕೊಠಡಿಯ ತುಂಬ ನಗು. ಪಕ್ಕದವರ ಮೂಗು ನೋಡಿ ನಗು, ತಮ್ಮ ಕಿವಿ ನೋಡಿ ನಗು. ಗಂಟೆ ಹೊಡೆದ ಮೇಲೆ ಹಾಳೆಗಳನ್ನು ಗೋಡೆಗೆ ಒರಗಿಸಿ ನೋಡಿದರೆ ಒಂದು ಮುಖದಲ್ಲೂ ನಗುವಿಲ್ಲ! ಗಂಟಿಕ್ಕಿದ ಹುಬ್ಬು, ಬಿಗಿದ ತುಟಿ, ನೆಟ್ಟ ನೋಟ. ಅಷ್ಟೂ ಮಕ್ಕಳು ಯಾರ ಮೇಲೋ ಸಿಟ್ಟಾದಂತೆ ಕಾಣುತ್ತಿದ್ದರು. ಕಾರಣ ಸರಳ. ನಗು ಎರಡು ಕ್ಷಣ ಇರುತ್ತದೆ, ಚಿತ್ರಕ್ಕೆ ನಲವತ್ತು ನಿಮಿಷ ಬೇಕು. ಬರೆಯುವವನು ಕನ್ನಡಿಯತ್ತ ತಲೆಯೆತ್ತಿದಾಗಲೆಲ್ಲ ಅವನಿಗೆ ಕಾಣುವುದು ಗಮನವಿಟ್ಟು ನೋಡುತ್ತಿರುವ ಮುಖ, ಕೆಲಸದಲ್ಲಿರುವ ಮುಖ. ಸೂಜಿಗೆ ದಾರ ಪೋಣಿಸುವ ದರ್ಜಿಯ ಹುಬ್ಬು ನೋಡಿ, ಅಲ್ಲಿಯೂ ಅದೇ ಗಂಟು. ಹಳೆಯ ಸ್ವ-ಭಾವಚಿತ್ರಗಳಲ್ಲಿ ನಾವು 'ಗಾಢ ಚಿಂತನೆ', 'ಒಳಗಿನ ನೋವು', 'ಜಗತ್ತಿನ ಮೇಲಿನ ಸಂಶಯ' ಎಂದು ಬಣ್ಣಿಸುವ ನೋಟದಲ್ಲಿ ಒಂದು ದೊಡ್ಡ ಪಾಲು ಈ ಕೆಲಸದ ನೋಟವೇ.

ಕನ್ನಡಿ ಇನ್ನೊಂದು ಆಟವನ್ನೂ ಆಡುತ್ತದೆ: ಎಡವನ್ನು ಬಲ ಮಾಡುತ್ತದೆ. ವಿನ್ಸೆಂಟ್ ವ್ಯಾನ್ ಗೋ 1888ರ ಡಿಸೆಂಬರಿನಲ್ಲಿ ಕೊಯ್ದುಕೊಂಡದ್ದು ಎಡಗಿವಿ. ಮರು ಜನವರಿಯಲ್ಲಿ ಆತ ಬರೆದ ಚಿತ್ರದಲ್ಲಿ ಬಟ್ಟೆ ಸುತ್ತಿರುವುದು ಬಲಗಿವಿಗೆ ಎಂಬಂತೆ ಕಾಣುತ್ತದೆ. ಇದರಲ್ಲಿ ಗೂಢಾರ್ಥ ಹುಡುಕಬೇಕಿಲ್ಲ. ಆತ ಕನ್ನಡಿಯಲ್ಲಿ ಕಂಡದ್ದನ್ನು ಕಂಡಂತೆ ಬರೆದ. ಪ್ಯಾರಿಸ್ಸಿನಲ್ಲಿದ್ದಾಗ ಆತ ತನ್ನನ್ನೇ ಅಷ್ಟೊಂದು ಸಲ ಬರೆದುಕೊಂಡದ್ದಕ್ಕೂ ದೊಡ್ಡ ಕಾರಣ, ಎದುರಿಗೆ ಕೂರುವ ಮಾದರಿಗಳಿಗೆ ಕೊಡಲು ದುಡ್ಡಿಲ್ಲದ್ದು. ತನ್ನ ಮುಖವಾದರೆ ಪುಕ್ಕಟೆ.

ಬೆಳಕಿನ ಪಾಠವನ್ನು ನನಗೆ ಕಲಿಸಿದವರು ಮಂಡಿಪೇಟೆಯ ಒಬ್ಬ ಹಿರಿಯ ಸ್ಟುಡಿಯೊ ಛಾಯಾಗ್ರಾಹಕರು. ಅವರಿಗೆ ರೆಂಬ್ರಾಂಟನ ಚಿತ್ರಗಳ ಪರಿಚಯ ಅಷ್ಟಾಗಿ ಇರಲಿಲ್ಲ, ಆದರೆ 'ರೆಂಬ್ರಾಂಟ್ ಲೈಟಿಂಗ್' ನೀರು ಕುಡಿದಷ್ಟು ಸಲೀಸಾಗಿತ್ತು. ಒಂದೇ ದೀಪವನ್ನು ಮುಖದ ಪಕ್ಕಕ್ಕೆ, ಸ್ವಲ್ಪ ಮೇಲೆ, ಓರೆಯಾಗಿ ಇಡಬೇಕು. ಆಗ ನೆರಳಿನ ಕಡೆಯ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಒಂದು ಸಣ್ಣ ತ್ರಿಕೋನ ಮೂಡುತ್ತದೆ. "ಕೂತುಕೊಳ್ಳಿ ಮೇಷ್ಟ್ರೇ, ತೋರಿಸುತ್ತೇನೆ" ಎಂದು ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಎರಡು ಫೋಟೊ ತೆಗೆದರು, ಒಂದು ಎದುರು ಬೆಳಕಿನಲ್ಲಿ, ಇನ್ನೊಂದು ಓರೆ ಬೆಳಕಿನಲ್ಲಿ. ನಡುವೆ ಒಂದು ನಿಮಿಷವೂ ಕಳೆದಿರಲಿಲ್ಲ, ನನ್ನ ಮನಸ್ಸಿನಲ್ಲಿ ಏನೂ ಬದಲಾಗಿರಲಿಲ್ಲ. ಮನೆಯಲ್ಲಿ ಎರಡನೆಯದನ್ನು ನೋಡಿದ ಹೆಂಡತಿ, "ಏನಾಗಿತ್ತು ನಿಮಗೆ ಅವತ್ತು? ಯಾಕೆ ಇಷ್ಟು ಬೇಸರದಲ್ಲಿದ್ದಿರಿ?" ಎಂದು ಕೇಳಿದಳು. ಅರ್ಧ ಮುಖವನ್ನು ಕತ್ತಲೆಗೆ ಬಿಟ್ಟರೆ ನೋಡುವವರು ಆ ಕತ್ತಲೆಯಲ್ಲಿ ಕಥೆ ತುಂಬುತ್ತಾರೆ.

ಇದನ್ನು ರೆಂಬ್ರಾಂಟ್ ಚೆನ್ನಾಗಿ ಬಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ದುಂಡು, ಎರಡು ಚುಕ್ಕಿ, ಒಂದು ಅಡ್ಡಗೆರೆ ಎಳೆಯಿರಿ. ಗೆರೆಯ ತುದಿಗಳನ್ನು ಕೂದಲೆಳೆಯಷ್ಟು ಮೇಲೆತ್ತಿದರೆ ಮುಖ ನಗುತ್ತದೆ, ಇಳಿಸಿದರೆ ಅಳುತ್ತದೆ. ಮುಖಭಾವದ ಬಹುಪಾಲು ಬಾಯಿಯ ಮತ್ತು ಕಣ್ಣಿನ ಅಂಚುಗಳಲ್ಲೇ ಇದೆ. ಅಂಚುಗಳನ್ನು ಗೆರೆ ಕೊಯ್ದಂತೆ ಬರೆಯದೆ ನೆರಳಿನಲ್ಲಿ ಕರಗಿಸಿಬಿಟ್ಟರೆ? ಆಗ ಮುಖ ಏನು ಹೇಳುತ್ತಿದೆ ಎಂಬುದು ತೀರ್ಮಾನವಾಗುವುದೇ ಇಲ್ಲ. ಒಮ್ಮೆ ದಣಿವು, ಒಮ್ಮೆ ಸಮಾಧಾನ, ಇನ್ನೊಮ್ಮೆ ನಗೆ ಬರುವುದರಲ್ಲಿತ್ತೇನೋ ಎಂಬ ಅನುಮಾನ. ನಮ್ಮ ಗೋಡೆಯ ಮುದುಕನ ತುಟಿಯ ಮೂಲೆಗಳನ್ನು ಗಮನಿಸಿ. ಎಲ್ಲಿ ಮುಗಿಯುತ್ತವೆ ಎಂದು ಬೆರಳಿಟ್ಟು ತೋರಿಸಲಾಗದು. ನನ್ನ ಎರಡು ವಿಭಾಗದ ಮಕ್ಕಳೂ ತಪ್ಪಿರಲಿಲ್ಲ ಎಂದು ನಾನು ನಂಬುವುದು ಇದೇ ಕಾರಣಕ್ಕೆ: ಆತ ಎರಡಕ್ಕೂ ಜಾಗ ಬಿಟ್ಟಿದ್ದ.

ಕಾಲದ ಕೈಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದೇವರ ಕೋಣೆಯ ಹಳೆಯ ಪಟವನ್ನು ನೋಡಿದವರಿಗೆಲ್ಲ ಅದು ಗೊತ್ತು. ದೀಪದ ಹೊಗೆಗೆ ಲಕ್ಷ್ಮಿಯ ಮುಖವೂ ಕಂದಿರುತ್ತದೆ. ತೈಲಚಿತ್ರದ ಮೇಲೆ ಬಳಿಯುತ್ತಿದ್ದ ಮರದ ಅಂಟಿನ ವಾರ್ನಿಶ್ ವರ್ಷಗಳು ಕಳೆದಂತೆ ಹಳದಿಗಟ್ಟಿ, ಕಂದಾಗಿ, ಚಿತ್ರಕ್ಕೆ ಮುಸ್ಸಂಜೆಯ ಕಳೆ ತರುತ್ತದೆ. ರೆಂಬ್ರಾಂಟನ 1642ರ ದೊಡ್ಡ ಚಿತ್ರವೊಂದಕ್ಕೆ 'ರಾತ್ರಿ ಪಹರೆ' ಎಂಬ ಅರ್ಥದ ಹೆಸರು ಬಿದ್ದದ್ದೇ ಹೀಗೆ. ಎರಡನೇ ಮಹಾಯುದ್ಧದ ನಂತರ ಅದನ್ನು ಶುಚಿಗೊಳಿಸಿದಾಗ ಹಗಲು ಹೊರಗೆ ಬಂತು. ಆದ್ದರಿಂದ ಒಂದು ಹಳೆಯ ಚಿತ್ರ 'ವಿಷಾದದಲ್ಲಿ ಮುಳುಗಿದೆ' ಎನ್ನುವ ಮೊದಲು ಅದನ್ನು ಕೊನೆಯ ಸಲ ಯಾವಾಗ ಶುಚಿಗೊಳಿಸಿದರು ಎಂದು ಕೇಳುವುದು ಒಳ್ಳೆಯದು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಚಿತ್ರದಲ್ಲಿರುವ ಭಾವ ಚಿತ್ರಕಾರನ ಆ ಹೊತ್ತಿನ ಭಾವವೇ ಆಗಿರಬೇಕೆಂದಿಲ್ಲ. ಕಂಪನಿ ನಾಟಕಗಳ ಊರಾದ ದಾವಣಗೆರೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಬಾರದು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ನೋಡುತ್ತ ಬೆಳೆದ ಹಿರಿಯರು ಇಲ್ಲಿ ಇನ್ನೂ ಇದ್ದಾರೆ. ಕನ್ನಡಿಯ ಮುಂದೆ ಕುಳಿತು ಬಣ್ಣ ಹಚ್ಚಿಕೊಂಡ ನಟ ರಂಗದ ಮೇಲೆ ಅತ್ತರೆ ಅವನ ಮನೆಯಲ್ಲಿ ಸಾವಾಗಿದೆ ಎಂದು ಅವರಲ್ಲಿ ಯಾರೂ ತಿಳಿಯಲಿಲ್ಲ. ರೆಂಬ್ರಾಂಟ್ ಕೂಡ ಕನ್ನಡಿಯ ಮುಂದೆ ತಾಲೀಮು ಮಾಡಿದವನೇ. 1630ರಲ್ಲಿ, ಇಪ್ಪತ್ತಮೂರು ಇಪ್ಪತ್ನಾಲ್ಕರ ಹರೆಯದಲ್ಲಿ, ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆದ ಪುಟ್ಟ ಪುಟ್ಟ ಚಿತ್ರಗಳಲ್ಲಿ ಆತ ಕಣ್ಣರಳಿಸಿ ಬೆರಗಾಗುತ್ತಾನೆ, ಹಲ್ಲು ಬಿಟ್ಟು ನಗುತ್ತಾನೆ, ಹುಬ್ಬು ಗಂಟಿಕ್ಕಿ ಗದರುತ್ತಾನೆ. ಬೆರಗಿನ ಮುಖದ ಅಚ್ಚು ಸುಮಾರು 5 ಸೆಂಟಿಮೀಟರ್ ಎತ್ತರ, ಬೆಂಕಿಪೊಟ್ಟಣದಷ್ಟು. ಇವನ್ನೂ ಸೇರಿಸಿ ಆತ ತನ್ನನ್ನು ತಾನು ಬರೆದುಕೊಂಡ ಚಿತ್ರಗಳು ಒಟ್ಟು ಎಂಬತ್ತರ ಆಸುಪಾಸು: ತೈಲಚಿತ್ರಗಳೇ ನಲವತ್ತರಷ್ಟು, ಅಚ್ಚುಗಳು ಮೂವತ್ತೊಂದು, ಉಳಿದವು ರೇಖಾಚಿತ್ರಗಳು.

ಬದುಕಿನ ಕಥೆಗೂ ಚಿತ್ರದ ಭಾವಕ್ಕೂ ಗಂಟು ಹಾಕುವವರನ್ನು ನಾನು 1658ರ ಚಿತ್ರದ ಮುಂದೆ ನಿಲ್ಲಿಸಲು ಬಯಸುತ್ತೇನೆ. ಅದು ಈಗ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿದೆ. ದಿವಾಳಿಯಾಗಿ ಎರಡು ವರ್ಷ. ಅದೇ ವರ್ಷ ಮನೆಯೂ ಹರಾಜಾಯಿತು. ಬದುಕಿನಂತೆ ಚಿತ್ರ ಎನ್ನುವ ಲೆಕ್ಕ ಸರಿಯಾಗಿದ್ದರೆ ಇದರಲ್ಲಿ ಕುಗ್ಗಿದ, ತಲೆ ತಗ್ಗಿಸಿದ ಮನುಷ್ಯನಿರಬೇಕಿತ್ತು. ಅಲ್ಲಿ ಇರುವುದಾದರೋ ಹೊನ್ನಿನ ಬಣ್ಣದ ಉಡುಪು ತೊಟ್ಟು, ಕೈಯಲ್ಲಿ ಬೆತ್ತ ಹಿಡಿದು, ಸಿಂಹಾಸನದಲ್ಲಿ ಕುಳಿತಂತೆ ಕುಳಿತ ಭಾರಿ ಆಸಾಮಿ. ಆಮೇಲಿನ ಕಷ್ಟದ ವರ್ಷಗಳಲ್ಲೇ ಬರೆದ, ಕಲೋನ್ ನಗರದಲ್ಲಿರುವ ಇನ್ನೊಂದು ಚಿತ್ರದಲ್ಲಿ ಬೆನ್ನು ಬಾಗಿದ ಮುದುಕ ನಗುತ್ತಿದ್ದಾನೆ. ನಗುತ್ತಲೇ ಸತ್ತನೆಂದು ಕಥೆಯಿರುವ ಜ್ಯೂಕ್ಸಿಸ್ ಎಂಬ ಗ್ರೀಕ್ ಚಿತ್ರಕಾರನ ವೇಷ ಅದು ಎಂದು ಹಲವು ವಿದ್ವಾಂಸರ ಮತ. ರಾಜನ ವೇಷ, ನಗುವವನ ವೇಷ, ದುಡಿಯುವವನ ವೇಷ. ಇವುಗಳಲ್ಲಿ ಯಾವುದು 'ನಿಜವಾದ' ರೆಂಬ್ರಾಂಟ್ ಎಂದು ಕೇಳುವುದಕ್ಕಿಂತ, ಮನೆ ಕಳೆದುಕೊಂಡವನು ರಾಜನ ವೇಷವನ್ನೇಕೆ ಆರಿಸಿಕೊಂಡ ಎಂದು ಕೇಳಿದರೆ ಸ್ವಭಾವದ ಹತ್ತಿರ ಹೋಗುತ್ತೇವೆ. ಆಯ್ಕೆಯಲ್ಲಿ ಮನುಷ್ಯ ಸಿಗುತ್ತಾನೆ.

ಭಂಗಿಯೂ ಒಂದು ಆಯ್ಕೆಯೇ. ನಮ್ಮ ಮನೆಗಳ ಗೋಡೆಯಲ್ಲಿ ನೇರ ಎದುರುಮುಖವಾಗಿ, ಎಡಬಲ ಸಮನಾಗಿ ಕುಳಿತಿರುವವರು ಯಾರು? ದೇವರು, ಶರಣರು, ಮಠದ ಗುರುಗಳು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1500ರಲ್ಲಿ, 28ನೇ ವಯಸ್ಸಿನಲ್ಲಿ, ತನ್ನನ್ನು ಹಾಗೆಯೇ ಬರೆದುಕೊಂಡ. ಆ ಕಾಲದ ಯುರೋಪಿನಲ್ಲಿ ಅದು ಕ್ರಿಸ್ತನ ಚಿತ್ರಗಳಿಗೆ ಮೀಸಲಾದಂತಿದ್ದ ಭಂಗಿ. ಇಂದಿನ ಕಣ್ಣಿಗೆ ಅದು ಅಹಂಕಾರವೆನಿಸಬಹುದು. ಸೃಷ್ಟಿಸುವ ಶಕ್ತಿ ದೇವರ ಕೊಡುಗೆ ಎಂದು ನಂಬಿದ, ಕ್ರಿಸ್ತನಂತೆ ಬಾಳುವುದೇ ಭಕ್ತಿ ಎಂದು ಕಲಿತ ಕಾಲದವನ ಕೈಯಲ್ಲಿ ಅದೇ ಭಂಗಿ ವಿನಯವೂ ಆಗಿರಬಹುದು. ಆ ಕಾಲದ ರೂಢಿ ತಿಳಿಯದೆ ಭಂಗಿಯಿಂದ ಗುಣ ಹೇಳುವುದು ಅಪಾಯ.

ವಿಜ್ಞಾನಿಗಳೂ ಈ ಮುಖಗಳನ್ನು ಓದಿದ್ದಾರೆ. 2004ರಲ್ಲಿ ಹಾರ್ವರ್ಡಿನ ಇಬ್ಬರು ರೆಂಬ್ರಾಂಟನ 36 ಸ್ವ-ಭಾವಚಿತ್ರಗಳಲ್ಲಿ ಕಣ್ಣುಗಳ ದಿಕ್ಕನ್ನು ಅಳೆದರು. ಎರಡು ಕಣ್ಣುಗಳು ಒಂದೇ ಕಡೆ ನೋಡುತ್ತಿಲ್ಲ, ಆತನಿಗೆ ಆಳವನ್ನು ಗ್ರಹಿಸುವ ಜೋಡಿದೃಷ್ಟಿ ಇಲ್ಲದಿದ್ದಿರಬಹುದು ಎಂಬುದು ಅವರ ಊಹೆ. ಅಚ್ಚಿನಲ್ಲಿ ಚಿತ್ರ ಎಡಬಲ ತಿರುಗುತ್ತದಲ್ಲ, ಅಲ್ಲಿ ಹೊರಳಿದ ಕಣ್ಣೂ ಪಕ್ಕ ಬದಲಿಸಿದೆ. ನಾವು 'ಎಲ್ಲೋ ಕಳೆದುಹೋದ ನೋಟ' ಎಂದು ಕೊಂಡಾಡುವುದು ಕಣ್ಣಿನ ಮಾಂಸಖಂಡದ ಸಂಗತಿಯೂ ಆಗಿರಬಹುದು. ಇದನ್ನು ನಾನು ಕೊನೆಯ ಮಾತೆಂದು ಒಪ್ಪುವುದಿಲ್ಲ. ಅವರು ಅಳೆದದ್ದು ಬಣ್ಣವನ್ನು, ಕಣ್ಣನ್ನಲ್ಲ. ಆದರೂ ನೋಟದ ಬಗ್ಗೆ ಕವಿತೆ ಕಟ್ಟುವ ಮೊದಲು ಒಮ್ಮೆ ನೆನೆಯಬೇಕಾದ ಮಾತು.

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದೇನು? 1669ರ ಆ ಚಿತ್ರಕ್ಕೆ ಮರಳುತ್ತೇನೆ.

ರೆಂಬ್ರಾಂಟ್ ಬಳಸಿದ ಬಿಳಿ ಬಣ್ಣದಲ್ಲಿ ಸೀಸವಿದೆ. ನಮ್ಮ ಎಲುಬಿನ ಹಾಗೆ ಸೀಸವೂ ಎಕ್ಸ್-ರೇ ಕಿರಣವನ್ನು ತಡೆಯುತ್ತದೆ. ಹಾಗಾಗಿ ಮೇಲಿನ ಬಣ್ಣದ ಅಡಿಯಲ್ಲಿ ಹೂತುಹೋದ ಮೊದಲ ಯೋಚನೆ ಎಕ್ಸ್-ರೇಯಲ್ಲಿ ಕಾಣಿಸುತ್ತದೆ. ಆ ಚಿತ್ರದ ಅಡಿಯಲ್ಲಿ ಕಂಡದ್ದು ಇದು: ಮೊದಲು ಟೋಪಿ ಇನ್ನೂ ದೊಡ್ಡದಾಗಿತ್ತು, ಬಿಳಿಯದಾಗಿತ್ತು. ಕೈಯಲ್ಲಿ ಕುಂಚವಿತ್ತು. ಆಮೇಲೆ ಆತ ಟೋಪಿಯನ್ನು ಚಿಕ್ಕದು ಮಾಡಿ ಬಣ್ಣ ತಗ್ಗಿಸಿದ. ಕುಂಚವನ್ನು ಅಳಿಸಿ ಕೈಗಳನ್ನು ಒಂದರೊಳಗೊಂದು ಸೇರಿಸಿದ.

ನನಗೆ ಇಲ್ಲಿ ಮೈ ಜುಮ್ಮೆನ್ನುತ್ತದೆ. ಯಾಕೆಂದರೆ ಇದು ಊಹೆಯಲ್ಲ, ಆತನ ಕೈಯ ಸಾಕ್ಷಿ. ಲಂಡನ್ನಿನದೇ ಕೆನ್‌ವುಡ್ ಮನೆಯಲ್ಲಿರುವ, ಹೆಚ್ಚುಕಡಿಮೆ ಅದೇ ಕಾಲದ ಇನ್ನೊಂದು ಚಿತ್ರದಲ್ಲಿ ಬಿಳಿ ಟೋಪಿಯೂ ಇದೆ, ಬಣ್ಣದ ಹಲಗೆ, ಕುಂಚಗಳೂ ಇವೆ. 'ನಾನು ಚಿತ್ರಕಾರ' ಎಂದು ಅದು ಸಾರುತ್ತದೆ. ಈ ಚಿತ್ರವೂ ಹಾಗೆಯೇ ಶುರುವಾಗಿತ್ತು. ನಡುವೆ ಎಲ್ಲೋ ಆತ ಮನಸ್ಸು ಬದಲಿಸಿದ. ಹೊಳೆಯುವ ಟೋಪಿ ಹೋಯಿತು. ಬೆಳಕು ಈಗ ಹಣೆಗೆ, ಮೂಗಿಗೆ, ಕೆನ್ನೆಗೆ ಬಂತು. ಕಸುಬಿನ ಗುರುತು ಹೋಯಿತು, ಉಳಿದದ್ದು ಮನುಷ್ಯ. ಕೈಗಳು ಎದ್ದು ಕಾಣಬಾರದೆಂಬ ಬರಿ ಸಂಯೋಜನೆಯ ಲೆಕ್ಕಾಚಾರವೂ ಅದಾಗಿರಬಹುದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬದುಕಿಡೀ ಎಂಬತ್ತು ಸಲ ವೇಷ ತೊಟ್ಟವನು ಇಲ್ಲಿ ಒಂದೊಂದನ್ನೇ ತೆಗೆಯುತ್ತ ಹೋಗಿದ್ದಾನೆ. ಆ ಮುಖದಲ್ಲಿ ದುಃಖವಿದೆಯೋ ಇಲ್ಲವೋ, ತನ್ನನ್ನು ಕಡಿಮೆ ಮಾಡಿ ತೋರಿಸುವ ನಿರ್ಧಾರವಂತೂ ಇದೆ. ಅದನ್ನು ಸ್ವಭಾವ ಎನ್ನಲು ನನಗೆ ಅಂಜಿಕೆಯಿಲ್ಲ.

ಎಕ್ಸ್-ರೇಯ ವಿಷಯವನ್ನು ಎರಡೂ ವಿಭಾಗಗಳಿಗೆ ಒಟ್ಟಿಗೆ ಹೇಳಿದೆ. 'ದರ ಇಳಿಸುವುದಿಲ್ಲ' ಎಂದಿದ್ದ ಹುಡುಗಿ ಎದ್ದು ಬಂದು, ತನ್ನ ನೋಟ್‌ಬುಕ್ಕಿನಿಂದ ಮುದುಕನ ಮುಖವನ್ನು ಮುಚ್ಚಿ, ಕೈಗಳನ್ನಷ್ಟೇ ಬಹಳ ಹೊತ್ತು ನೋಡಿದಳು. ಅವಳ ತಾತ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು.

"ಸಂಜೆ ಕೈ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ತಾತ ಹೀಗೇ ಕೂರುತ್ತಾರೆ ಸರ್" ಎಂದಳು. "ಬೇಸರ ಏನೂ ಇರುವುದಿಲ್ಲ. ಮಾತಾಡಿಸಿದರೆ ಮಾತಾಡುತ್ತಾರೆ."